ಗಾಟನ್ ಉಂಟಾ?

ಮಂಗಳೂರಿನ ಬಲ್ಮಠದ ಏರು ರಸ್ತೆಯ ಪಕ್ಕ, ಕೆಳಗೆ ಔಷಧಿ ಅಂಗಡಿಯೂ ನಡುವೆ ಹಲ್ಲಿನ ಡಾಕ್ಟರೂ ಇದ್ದ ಒಂದು ಕಟ್ಟಡದ ಮೂರನೆಯ ಮಹಡಿಯಲ್ಲಿ ನಾನು ಆರು ವರ್ಷ ರಾತ್ರಿಪಾಳಿ ಮಾಡಿದ್ದೇನೆ. ಕೆಲಸದ ಹೆಸರು ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್. 2004ರ ಸುಮಾರಿಗೆ ನಮ್ಮ ಕಡೆ ಬಿಎಸ್ಸಿ ಮುಗಿಸಿ ಮನೆಯಲ್ಲಿ ಕುಳಿತಿದ್ದ ಹುಡುಗಿಯರಿಗೆಲ್ಲ ಯಾರಾದರೊಬ್ಬರು ಸೂಚಿಸುತ್ತಿದ್ದ ಕೆಲಸ ಅದು. ಅಮೆರಿಕದ ಡಾಕ್ಟರು ರೋಗಿಯನ್ನು ನೋಡಿದ ಮೇಲೆ ಫೋನಿಗೋ ರೆಕಾರ್ಡರಿಗೋ ತಮ್ಮ ಟಿಪ್ಪಣಿ ಹೇಳುತ್ತಾರೆ. ಅಲ್ಲಿ ಹಗಲು, ಇಲ್ಲಿ ರಾತ್ರಿ. ನಾವು ಹೆಡ್‌ಫೋನ್ ಏರಿಸಿಕೊಂಡು ಅದನ್ನು ಅಕ್ಷರಕ್ಕಿಳಿಸುತ್ತೇವೆ. ಕಾಲಡಿಯಲ್ಲಿ ಒಂದು ಪೆಡಲ್. ಒತ್ತಿದರೆ ಡಾಕ್ಟರು ಮಾತಾಡುತ್ತಾರೆ, ಬಿಟ್ಟರೆ ಸುಮ್ಮನಾಗುತ್ತಾರೆ, ಇನ್ನೊಂದು ಬದಿ ಒತ್ತಿದರೆ ಹೇಳಿದ್ದನ್ನೇ ಮತ್ತೆ ಹೇಳುತ್ತಾರೆ. ಇಷ್ಟು ವಿಧೇಯ ಡಾಕ್ಟರನ್ನು ಆಮೇಲೆ ನಾನು ಎಲ್ಲಿಯೂ ಕಂಡಿಲ್ಲ. ಸಂಬಳಕ್ಕೆ ಸಾಲಿನ ಲೆಕ್ಕ. ಖಾಲಿ ಜಾಗವೂ ಸೇರಿ 65 ಅಕ್ಷರ ಆದರೆ ಒಂದು ಸಾಲು.

ಸೇರಿದ ಎರಡನೆಯ ತಿಂಗಳಿನಲ್ಲಿ ಒಬ್ಬ ಡಾಕ್ಟರರ ಧ್ವನಿ ನನ್ನ ಪಾಲಿಗೆ ಬಂತು. ವಯಸ್ಸಾದ ಗಂಡಸಿನ, ಬೇಸರವೇ ಇಲ್ಲದ ಧ್ವನಿ. ಹೆಂಗಸೊಬ್ಬಳ ಕೆಮ್ಮು ಮೂರು ದಿನಗಳಿಂದ ಹೆಚ್ಚಾಗಿದೆ ಎಂಬುದು ಅವರು ಹೇಳುತ್ತಿದ್ದ ವಿಷಯ. ನನಗೆ ಕೇಳಿಸಿದ್ದು ‘ಹ್ಯಾಸ್ ಗಾನ್ ವರ್ಸ್’. ಪೆಡಲ್ ಒತ್ತಿ ಹಿಂದಕ್ಕೆ ಹೋದೆ. ಮತ್ತೆ ಗಾನ್. ನಾಲ್ಕನೆಯ ಸಲ ಧ್ವನಿಯ ವೇಗ ತಗ್ಗಿಸಿ ಕೇಳಿದಾಗ ಅದು ಗಾನ್ ಅಲ್ಲ, ನಡುವೆ ಇನ್ನೇನೋ ಇದೆ ಎಂದು ಗೊತ್ತಾಯಿತು. ಗಾ ಎಂದ ಮೇಲೆ ಗಂಟಲು ಒಮ್ಮೆ ಮುಚ್ಚಿ ತೆರೆದುಕೊಂಡು ‘ನ್’ ಎಂದು ಮುಗಿಯುವ ಶಬ್ದ. ಟಕಾರ ಬಾಯಿಯವರೆಗೆ ಬಂದೇ ಇಲ್ಲ, ಗಂಟಲಿನಲ್ಲೇ ಇಳಿದುಹೋಗಿದೆ. ಗಾಟನ್.

ನಾನು ನಕ್ಕೆ. ಪಾಪ, ಅಷ್ಟು ದೊಡ್ಡ ಡಾಕ್ಟರು, ವ್ಯಾಕರಣದಲ್ಲಿ ಹೀಗೆ ಎಡವಿದರಲ್ಲ ಎಂದುಕೊಂಡೆ. ‘ಗೆಟ್’ ಎಂಬ ಕ್ರಿಯಾಪದಕ್ಕೆ ನಾನು ಕಲಿತ ರೂಪ ‘ಗಾಟ್’. ಹಾಗೆಯೇ ತಿದ್ದಿ ಟೈಪ್ ಮಾಡಿ ಕಳುಹಿಸಿದೆ. ಅದೇ ರಾತ್ರಿ ಅವರ ಇನ್ನೊಂದು ಟಿಪ್ಪಣಿಯಲ್ಲಿ ಮುದುಕರೊಬ್ಬರು ನಡೆಯಲು ಆಧಾರವಾಗಿ ವಾಕರ್ ಪಡೆದುಕೊಂಡ ಸಂಗತಿಯಿತ್ತು. ಅಲ್ಲಿಯೂ ಗಾಟನ್. ಅದನ್ನೂ ತಿದ್ದಿದೆ. ಬೆಳಗಿನ ಹೊತ್ತಿಗೆ ಒಟ್ಟು ಐದು ಕಡೆ ಆ ಮನುಷ್ಯನ ಮಾನ ಉಳಿಸಿದ್ದೆ.

ಮರುದಿನ ಗುಣಮಟ್ಟ ನೋಡುವ ವಿಭಾಗದಿಂದ ಐದೂ ಕಡೆ ತಪ್ಪು ಬಿದ್ದು ಬಂತು. ನೂರಕ್ಕೆ ತೊಂಬತ್ತೆಂಟು ಸರಿ ಇರಬೇಕಾದ ಕಡೆ ನನ್ನದು ತೊಂಬತ್ತನಾಲ್ಕಕ್ಕೆ ಇಳಿದಿತ್ತು. ಆ ಮೇಜಿನಲ್ಲಿದ್ದವರು ಕುಂದಾಪುರ ಕಡೆಯ ಒಬ್ಬ ಅಕ್ಕ. ಅವರು ಹೆಡ್‌ಫೋನ್ ಕತ್ತಿಗೆ ಇಳಿಸಿಕೊಂಡು ನನ್ನನ್ನು ಕರೆದರು.

“ಎಂತ ಮಾರಾಯ್ತಿ, ಡಾಕ್ಟರರ ಬಾಯಿಯನ್ನು ನೀನು ತಿದ್ದುವುದಾ?”

“ಅಕ್ಕ, ಗಾಟನ್ ಎಂಬ ಶಬ್ದವೇ ಇಲ್ಲವಲ್ಲ.”

“ಯಾರು ಹೇಳಿದ್ದು?”

“ನನ್ನ ಅಪ್ಪ.”

ಅವರು ನಗು ತಡೆದುಕೊಂಡರೆಂದು ಈಗ ಅನ್ನಿಸುತ್ತದೆ. ಆಗ ನನಗೆ ಕಂಡದ್ದು ಕೆಂಪು ಬಣ್ಣದ ಐದು ಗುರುತುಗಳು ಮಾತ್ರ.

ಅಪ್ಪ ಇಂಗ್ಲಿಷ್ ಮಾಷ್ಟ್ರು. ಉಡುಪಿಯಿಂದ ಕಾರ್ಕಳಕ್ಕೆ ಹೋಗುವ ದಾರಿಯಲ್ಲಿ, ಹಿರಿಯಡಕದಿಂದ ಒಳಗೆ ಹೋಗುವ ಒಂದು ಊರಿನ ಹೈಸ್ಕೂಲಿನಲ್ಲಿ ಇಪ್ಪತ್ತೊಂಬತ್ತು ವರ್ಷ ಕಲಿಸಿದವರು. ನಾನು ಅದೇ ಶಾಲೆಗೆ ಹೋದದ್ದು. ಮನೆಯಲ್ಲಿ ಅಪ್ಪ, ಶಾಲೆಯ ಗೇಟು ದಾಟಿದರೆ ಸಾರ್. ಅವರಿಗೂ ಇಂಗ್ಲಿಷ್ ಬಂದದ್ದು ಕಷ್ಟಪಟ್ಟೇ. ಕನ್ನಡ ಮಾಧ್ಯಮದಲ್ಲಿ ಓದಿ, ಕಂದು ಕಾಗದದ ಬೈಂಡು ಹಾಕಿದ ರೆನ್ ಅಂಡ್ ಮಾರ್ಟಿನ್ ವ್ಯಾಕರಣವನ್ನು ಬಾಯಿಪಾಠ ಮಾಡಿ ಗಳಿಸಿದ ಭಾಷೆ ಅದು. ಹಾಗೆ ಗಳಿಸಿದ್ದನ್ನು ಯಾರೂ ಸಡಿಲವಾಗಿ ಬಳಸುವುದಿಲ್ಲ. ಮದುವೆಗೆಂದು ಮಾಡಿಸಿಟ್ಟ ಚಿನ್ನದ ಹಾಗೆ ಬಟ್ಟೆಯಲ್ಲಿ ಸುತ್ತಿ, ಲೆಕ್ಕ ಹಾಕಿ ತೆಗೆಯುತ್ತಾರೆ.

ಬೋರ್ಡಿನ ಮೇಲೆ ಮೂರು ಕಂಬಗಳು. ನಾವು ಮಗ್ಗಿಯ ರಾಗದಲ್ಲಿ ಹಾಡುತ್ತಿದ್ದೆವು: ಗೋ ವೆಂಟ್ ಗಾನ್, ಬ್ರೇಕ್ ಬ್ರೋಕ್ ಬ್ರೋಕನ್, ಫರ್ಗೆಟ್ ಫರ್ಗಾಟ್ ಫರ್ಗಾಟನ್, ಗೆಟ್ ಗಾಟ್ ಗಾಟ್. ಎಂಟನೆಯ ತರಗತಿಯ ಒಂದು ದಿನ ನನ್ನ ಬಾಯಿ ಆ ಕೊನೆಯ ಗಾಟ್‌ನಲ್ಲಿ ತಡವರಿಸಿತು. ರಾಗವೇ ಒಂದು ಮಾತ್ರೆ ಕಡಿಮೆ ಬೀಳುತ್ತಿತ್ತು. ಎದ್ದು ನಿಂತು ಕೇಳಿದೆ.

“ಸಾರ್, ಫರ್ಗೆಟ್‌ಗೆ ಫರ್ಗಾಟನ್ ಬಂದರೆ ಗೆಟ್‌ಗೆ ಗಾಟನ್ ಯಾಕೆ ಬರುವುದಿಲ್ಲ?”

“ಗಾಟನ್ ಇಲ್ಲ.”

“ಯಾಕೆ ಇಲ್ಲ ಸಾರ್?”

“ಇಲ್ಲದ್ದಕ್ಕೆ ಯಾಕೆ ಎಂದು ಕೇಳುವುದಲ್ಲ. ಕುಳಿತುಕೋ.”

ರಾತ್ರಿ ಊಟಕ್ಕೆ ಕುಳಿತಾಗ ಅಮ್ಮನೆದುರು ಈ ವಿಷಯ ಬಂತು. “ನಿನ್ನ ಮಗಳು ಇಲ್ಲದ ಶಬ್ದಕ್ಕೆ ಜಾತಕ ಹುಡುಕುತ್ತಾಳೆ” ಎಂದರು ಅಪ್ಪ. ನಮ್ಮ ಮನೆಯ ಮಾತು ತುಳು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ ಅಷ್ಟೆ. ಜಾತಕದ ಮಾತು ಮಾತ್ರ ಎರಡೂ ಭಾಷೆಯಲ್ಲಿ ಒಂದೇ.

ಆ ಜಾತಕ ನನಗೆ ಸಿಕ್ಕಿದ್ದು ಶಾಲೆಯಲ್ಲಲ್ಲ, ಬಾಡಿಗೆ ಕೋಣೆಯಲ್ಲಿ. ಮಂಗಳೂರಿನಲ್ಲಿ ನಾನು ಉಳಿದುಕೊಂಡಿದ್ದದ್ದು ಬಲ್ಮಠದಿಂದ ಸ್ವಲ್ಪ ಇಳಿದರೆ ಸಿಗುವ ಒಂದು ಹಂಚಿನ ಮನೆಯಲ್ಲಿ. ಮನೆಯೊಡತಿ ಎಂಬತ್ತರ ಹತ್ತಿರದ ಆಂಟಿ. ಅವರ ಅಜ್ಜ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ ಮೊಳೆ ಜೋಡಿಸುತ್ತಿದ್ದರಂತೆ. ಪಡಸಾಲೆಯ ಮೂಲೆಯಲ್ಲಿ ಕಸೂತಿಯ ಬಟ್ಟೆ ಹೊದಿಸಿದ ಮೇಜು, ಅದರ ಮೇಲೆ ಎರಡು ಬೈಬಲ್, ಒಂದು ಕನ್ನಡದ್ದು, ಒಂದು ಹಳೆಯ ಇಂಗ್ಲಿಷಿನದು. ನಾನು ಪಾಳಿ ಮುಗಿಸಿ ಬೆಳಗ್ಗೆ ಆರಕ್ಕೆ ಬರುವ ಹೊತ್ತಿಗೆ ಅವರು ಕಾಫಿ ಮಾಡಿಟ್ಟು ಓದಲು ಕುಳಿತಿರುತ್ತಿದ್ದರು. ಐದು ತಪ್ಪುಗಳ ಆ ವಾರ ನಾನು ಸಿಟ್ಟಿನಲ್ಲಿ ಕಥೆ ಹೇಳಿಕೊಂಡೆ. ಅವರು ಕನ್ನಡಕ ಸರಿಮಾಡಿಕೊಂಡು ಇಂಗ್ಲಿಷ್ ಪುಸ್ತಕವನ್ನು ಎಳೆದುಕೊಂಡರು. ಹುಡುಕಲೂ ಇಲ್ಲ. ಆದಿಕಾಂಡ, ನಾಲ್ಕನೆಯ ಅಧ್ಯಾಯ, ಮೊದಲನೆಯ ವಚನ. ಬೆರಳಿಟ್ಟು ತೋರಿಸಿದರು.

ಬೈಬಲಿನ ಮೊದಲ ಹೆಂಗಸು ಹವ್ವ ಮಗ ಕಾಯಿನನನ್ನು ಹೆತ್ತು ಮೊದಲು ಆಡುವ ಮಾತು ಅದು: ದೇವರಿಂದ ನಾನು ಗಂಡುಮಗನನ್ನು ಪಡೆದೆ ಎಂದು. ಆ ‘ಪಡೆದೆ’ಯ ಜಾಗದಲ್ಲಿ, ಅಚ್ಚುಕಟ್ಟಾಗಿ, ಯಾವ ನಾಚಿಕೆಯೂ ಇಲ್ಲದೆ, ‘ಗಾಟನ್’ ಕುಳಿತಿತ್ತು.

ಆ ಅನುವಾದ ಮೊದಲು ಅಚ್ಚಾದದ್ದು 1611ರಲ್ಲಿ, ಇಂಗ್ಲೆಂಡಿನ ದೊರೆ ಜೇಮ್ಸನ ಅಪ್ಪಣೆಯಂತೆ. ಇಂಗ್ಲೆಂಡಿನ ವಲಸಿಗರನ್ನು ಹೊತ್ತ ಮೇಫ್ಲವರ್ ಹಡಗು ಅಮೆರಿಕಕ್ಕೆ ಹೊರಟದ್ದು 1620ರಲ್ಲಿ. ಅಂದರೆ ಅಮೆರಿಕದವರು ಕೆಡಿಸಿದ ಶಬ್ದ ಎಂದು ನಾನು ತಿಳಿದುಕೊಂಡಿದ್ದದ್ದು ಅಮೆರಿಕದವರು ಎಂಬ ಜನವೇ ಹುಟ್ಟುವ ಮೊದಲು ಲಂಡನ್ನಿನ ಅಚ್ಚುಕೂಟದಲ್ಲಿ ಮೊಳೆಯಾಗಿ ಬಿದ್ದಿತ್ತು. ಹೀಬ್ರೂ ಭಾಷೆಯಲ್ಲಿ ಕಾಯಿನ್ ಎಂಬ ಹೆಸರಿಗೂ ಪಡೆಯುವುದು ಎಂಬ ಕ್ರಿಯೆಗೂ ಶ್ಲೇಷೆಯಿದೆ. ಹಾಗಾಗಿ ಆ ವಾಕ್ಯದ ತೂಕವೆಲ್ಲ ಆ ಒಂದು ಕ್ರಿಯಾಪದದ ಮೇಲೆಯೇ ನಿಂತಿದೆ. ಆಂಟಿಗೆ ಈ ವ್ಯಾಕರಣದ ಗಲಾಟೆಯಲ್ಲಿ ಆಸಕ್ತಿ ಇರಲಿಲ್ಲ. “ಸಣ್ಣದಿರುವಾಗಿನಿಂದ ಓದಿದ್ದೇನೆ, ತಪ್ಪಾದರೆ ನನ್ನ ಅಜ್ಜ ಬಿಡುತ್ತಿದ್ದರಾ?” ಎಂದು ಕಾಫಿ ಸುರಿದರು.

ಆಮೇಲೆ ನಾನು ಬಿಡಲಿಲ್ಲ. ರಾತ್ರಿ ಕೆಲಸ ಕಡಿಮೆಯಿದ್ದಾಗ, ರಜೆಯಲ್ಲಿ, ಸಿಕ್ಕಿದ ನಿಘಂಟುಗಳನ್ನೆಲ್ಲ ತಿರುವಿದೆ. ಗೆಟ್ ಎಂಬ ಕ್ರಿಯಾಪದವೇ ಇಂಗ್ಲಿಷಿನ ಮನೆಮಗಳಲ್ಲ. ವೈಕಿಂಗರ ದೋಣಿಯಲ್ಲಿ ನಾರ್ವೆ, ಡೆನ್ಮಾರ್ಕ್ ಕಡೆಯಿಂದ ಬಂದು ಇಂಗ್ಲೆಂಡಿನಲ್ಲಿ ಸಂಸಾರ ಹೂಡಿದ ಶಬ್ದ. ಬರುವಾಗಲೇ ಅದರ ಕೊನೆಯಲ್ಲಿ ನಕಾರದ ಬಾಲವಿತ್ತು. ಅಲ್ಲಿ ಮೊದಲೇ ನೆಲೆಸಿದ್ದ ಫರ್ಗೆಟ್, ಬಿಗೆಟ್ ಇವೆಲ್ಲ ಅದರ ದಾಯಾದಿಗಳು. ಎಲ್ಲವೂ ಬ್ರೋಕನ್, ಸ್ಪೋಕನ್, ಸ್ಟೋಲನ್‌ಗಳ ಸಾಲಿನಲ್ಲಿ ನಡೆದವು. ಷೇಕ್ಸ್‌ಪಿಯರ್ ಗಾಟ್ ಎಂದೂ ಬರೆದ, ಗಾಟನ್ ಎಂದೂ ಬರೆದ. ಅವನಿಗೆ ಅದು ಜಗಳದ ವಿಷಯವಾಗಿ ಕಂಡಂತಿಲ್ಲ. ಮುಂದಿನ ಎರಡು ಶತಮಾನಗಳಲ್ಲಿ ಇಂಗ್ಲೆಂಡಿನಲ್ಲಿ ಬಾಲ ಸವೆಯಿತು. ಸವೆದದ್ದು ಯಾರ ಅಪ್ಪಣೆಯಿಂದಲೂ ಅಲ್ಲ. 1762ರಲ್ಲಿ ರಾಬರ್ಟ್ ಲೌತ್ ಎಂಬ ಪಾದ್ರಿ, ಮುಂದೆ ಲಂಡನ್ನಿನ ಬಿಷಪ್ ಆದವನು, ಒಂದು ವ್ಯಾಕರಣ ಬರೆದ. ಅದರಲ್ಲಿ ಅವನ ಸಿಡುಕು ಏನೆಂದರೆ, ಜನ ಮೂರನೆಯ ಕಂಬದ ರೂಪವನ್ನು ಬಿಟ್ಟು ಎರಡನೆಯದನ್ನೇ ತಂದು ತುರುಕುತ್ತಾರೆ, ರಿಟನ್ ಎನ್ನಬೇಕಾದ ಕಡೆ ರೋಟ್ ಎನ್ನುತ್ತಾರೆ ಎಂದು. ಆ ಲೆಕ್ಕದಲ್ಲಿ ಬಾಲ ಇರುವ ರೂಪವೇ ಮರ್ಯಾದೆಯದು; ಕತ್ತರಿಸಿದ್ದು ಸೋಮಾರಿಗಳ ಮಾತು. ನೂರಾರು ವರ್ಷ ಕಳೆದು ಅದೇ ಸಿಡುಕು ಪಕ್ಕ ಬದಲಿಸಿ ಹಿರಿಯಡಕದ ಬೋರ್ಡಿಗೆ ಬಂದು ನಿಂತಿತ್ತು.

ಅಮೆರಿಕದಲ್ಲೂ ಗಾಟನ್ ಸುಖವಾಗಿಯೇನೂ ಇರಲಿಲ್ಲ. ಅಲ್ಲಿನ ವ್ಯಾಕರಣದವರೂ ಒಂದು ಕಾಲದಲ್ಲಿ ಅದನ್ನು ಹಳತು, ಹಳ್ಳಿಯದು ಎಂದು ಮೂಲೆಗೆ ಸರಿಸಲು ನೋಡಿದರು. ಜನ ಬಿಡಲಿಲ್ಲ. ಇಂಗ್ಲೆಂಡಿನವರು ಮಾತ್ರ ತಾವು ಮರೆತದ್ದನ್ನು ಇನ್ನೊಬ್ಬರ ಬಾಯಿಯಲ್ಲಿ ಕೇಳಿದಾಗ ಅದು ಅವರದೇ ಆವಿಷ್ಕಾರ ಎಂದುಕೊಂಡರು. ‘ಅಮೆರಿಕನಿಸಂ’ ಎಂಬ ಶಬ್ದವನ್ನೇ 1781ರಲ್ಲಿ ಟಂಕಿಸಿದವನು ಜಾನ್ ವಿದರ್‌ಸ್ಪೂನ್. ಸ್ಕಾಟ್ಲೆಂಡಿನಲ್ಲಿ ಹುಟ್ಟಿ ಅಮೆರಿಕದ ಕಾಲೇಜೊಂದನ್ನು ನಡೆಸಲು ಹೋದವನು. ಹೊಸ ಊರಿಗೆ ಹೋದವರಿಗೆ ಅಲ್ಲಿನವರ ಮಾತು ತಿದ್ದುವ ಚಟ ಬೇಗ ಹತ್ತುತ್ತದೆ. ಅದನ್ನು ನಾನೇ ಆಮೇಲೆ ಅನುಭವಿಸಿದೆ, ತಿದ್ದಿಸಿಕೊಂಡವಳಾಗಿ.

ಕೆಲಸಕ್ಕೆ ಸೇರಿದ ಮರುವರ್ಷ ತರಬೇತಿಗೆಂದು ನಮ್ಮಲ್ಲಿ ನಾಲ್ವರನ್ನು ಆರು ವಾರ ಬೆಂಗಳೂರಿಗೆ ಕಳುಹಿಸಿದರು. ಪಿಜಿಯ ಮೊದಲ ರಾತ್ರಿ ಅಡುಗೆಮನೆಯ ಬಾಗಿಲಿನಲ್ಲಿ ನಿಂತು “ಊಟ ಉಂಟಾ?” ಎಂದು ಕೇಳಿದೆ. ಒಳಗಿದ್ದ ಮೂವರೂ ಬಿದ್ದು ಬಿದ್ದು ನಕ್ಕರು. ಆ ಆರು ವಾರಗಳಲ್ಲಿ ನನ್ನ ಹೆಸರೇ ಉಂಟಾ ಆಗಿಹೋಯಿತು. ನೀರು ಉಂಟಾ, ಬಸ್ಸು ಉಂಟಾ, ಬುದ್ಧಿ ಉಂಟಾ. ಅವರಲ್ಲಿ ಕೆಟ್ಟವರು ಯಾರೂ ಇರಲಿಲ್ಲ. ಮೈಸೂರಿನ ಒಬ್ಬಳು ನನ್ನನ್ನು ಪಕ್ಕಕ್ಕೆ ಕರೆದು, “ಅದು ಕನ್ನಡ ಅಲ್ಲ, ನಿಮ್ಮ ತುಳುವಿನಿಂದ ನುಸುಳಿದ್ದು, ಇದೆ ಎಂದು ಹೇಳಿ ಅಭ್ಯಾಸ ಮಾಡಿಕೊಳ್ಳಿ” ಎಂದು ಒಳ್ಳೆಯ ಮನಸ್ಸಿನಿಂದಲೇ ತಿದ್ದಿದಳು. ನಾನು ಅಭ್ಯಾಸ ಮಾಡಿಕೊಂಡೆ. ಬೆಂಗಳೂರಿನಲ್ಲಿದ್ದಷ್ಟು ದಿನ ‘ಇದೆ’, ಮೆಜೆಸ್ಟಿಕ್‌ನಲ್ಲಿ ರಾತ್ರಿ ಬಸ್ಸು ಹತ್ತಿ ಊರಿನವರು ಪಕ್ಕದಲ್ಲಿ ಕುಳಿತ ಕೂಡಲೇ ‘ಉಂಟು’.

ಇದು ನನಗೆ ಶಾಲೆಯಲ್ಲೂ ಹೊಸದಾಗಿರಲಿಲ್ಲ. ಕನ್ನಡ ಪಂಡಿತರು ಪ್ರಬಂಧದಲ್ಲಿ ‘ನಮ್ಮ ಮನೆಯಲ್ಲಿ ಒಂದು ದನ ಉಂಟು’ ಎಂದು ಬರೆದರೆ ಅಡಿಗೆರೆ ಎಳೆಯುತ್ತಿದ್ದರು. ಎಳೆದವರು ತರಗತಿಯಿಂದ ಹೊರಗೆ ಬಂದು “ಚಹಾ ಉಂಟೇನೋ?” ಎಂದು ಜವಾನನನ್ನು ಕೇಳುತ್ತಿದ್ದರು.

ಈಗ ಯೋಚಿಸಿದರೆ ಆ ಮೈಸೂರಿನ ಗೆಳತಿಗೆ ಉತ್ತರ ಕೊಡಲು ಬೇಕಾದ ಪುಸ್ತಕ ನಾನು ಬಾಡಿಗೆಗಿದ್ದ ಮನೆಯಿಂದ ಕೂಗಳತೆಯಲ್ಲಿ ಅಚ್ಚಾಗಿತ್ತು. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹೊರತಂದದ್ದು ಇಲ್ಲಿಂದಲೇ. 1853ರಲ್ಲಿ ಬಂದ ಫರ್ಡಿನೆಂಡ್ ಕಿಟ್ಟೆಲ್ ನಾಲ್ಕು ದಶಕ ದುಡಿದು ಸುಮಾರು 70,000 ಶಬ್ದಗಳ ಕನ್ನಡ-ಇಂಗ್ಲಿಷ್ ನಿಘಂಟನ್ನು 1894ರಲ್ಲಿ ಮುಗಿಸಿದ. ಅದರಲ್ಲಿ ಉಂಟು ಉಂಟು. ತುಳುವಿನ ಬಾಗಿಲಿನಿಂದ ನುಸುಳಿದ ಕಳ್ಳನಂತಲ್ಲ, ಮನೆಯವನಂತೆ. ತಮಿಳಿನಲ್ಲಿ ಉಂಡು, ಮಲಯಾಳದಲ್ಲಿ ಉಂಡು, ತುಳುವಿನಲ್ಲಿ ಉಂಡು, ತೆಲುಗಿನಲ್ಲೂ ಅದೇ ಬೇರು. ಒಂದೇ ಅಜ್ಜಿಯ ಮೊಮ್ಮಕ್ಕಳಲ್ಲಿ ಯಾರು ಯಾರ ಮನೆಯಿಂದ ಕದ್ದರು ಎಂದು ಕೇಳುವುದು ಹೇಗೆ?

ನನಗೆ ಇನ್ನೂ ರುಚಿಸುವ ಸಂಗತಿ ಬೇರೆ. ಉಂಟು ಎಂದರೆ ನಗುವ ಬೆಂಗಳೂರೇ ದಿನ ಬೆಳಗಾದರೆ ಪತ್ರಿಕೆಯಲ್ಲಿ ‘ಸಂಚಾರಕ್ಕೆ ಅಡಚಣೆ ಉಂಟಾಗಿದೆ’ ಎಂದು ಓದುತ್ತದೆ. ‘ಗೊಂದಲ ಉಂಟುಮಾಡಿದ ಹೇಳಿಕೆ’, ‘ನಷ್ಟ ಉಂಟಾದ ರೈತರು’. ಇನ್ನು ಸಿಟ್ಟು ಬಂದರೆ ಯಾವ ಊರಿನವರಾದರೂ “ಎಲ್ಲಾದರೂ ಉಂಟೇ!” ಎನ್ನುತ್ತಾರೆ. ಆ ಉಂಟು ಯಾರ ಕಿವಿಗೂ ತಾಗುವುದಿಲ್ಲ, ಏಕೆಂದರೆ ಅದು ಇನ್ನೊಂದು ಶಬ್ದದ ಬೆನ್ನಿಗೆ ಅಂಟಿಕೊಂಡಿದೆ. ಗಾಟನ್ ಎಂದರೆ ಮೂಗು ಮುರಿಯುವ ಇಂಗ್ಲೆಂಡಿನವನೂ ಹೀಗೆಯೇ. ಅವನು ಛತ್ರಿಯನ್ನು ಮರೆತು ಬಂದರೆ ಫರ್ಗಾಟನ್. ಚರ್ಚಿನಲ್ಲಿ ಏಕೈಕ ಪುತ್ರನನ್ನು ಸ್ಮರಿಸುವಾಗ ಬಿಗಾಟನ್. ಅನ್ಯಾಯದ ದುಡ್ಡಾದರೆ ಇಲ್‌ಗಾಟನ್. ಬೆನ್ನ ಮೇಲೆ ಮೂರು ಗಾಟನ್‌ಗಳನ್ನು ಹೊತ್ತುಕೊಂಡು, ನಾಲ್ಕನೆಯದು ಒಂಟಿಯಾಗಿ ಎದುರಿಗೆ ಬಂದರೆ ಪರಿಚಯ ಇಲ್ಲ ಎನ್ನುತ್ತಾನೆ.

ಇಷ್ಟಕ್ಕೇ ನಿಂತಿದ್ದರೆ ಇದು ಹಳೆಯದನ್ನು ಉಳಿಸಿಕೊಂಡವರ ಜಂಬವಾಗುತ್ತಿತ್ತು. ಕುಂದಾಪುರದ ಅಕ್ಕ ನನಗೆ ಕಲಿಸಿದ್ದು ಅದಕ್ಕಿಂತ ಹೆಚ್ಚಿನದು. ಆ ವಾಕರಿನ ವಾಕ್ಯವನ್ನು ಪರದೆಯ ಮೇಲೆ ತೆರೆದು, ನೀನು ಬರೆದದ್ದರಲ್ಲಿ ಮುದುಕನ ಹತ್ತಿರ ವಾಕರ್ ಇದೆ, ಡಾಕ್ಟರು ಹೇಳಿದ್ದರಲ್ಲಿ ಅವನು ವಾಕರನ್ನು ತರಿಸಿಕೊಂಡಿದ್ದಾನೆ ಎಂದರು. ಹೋದ ಭೇಟಿಯಲ್ಲಿ ತರಿಸಿಕೊಳ್ಳಲು ಹೇಳಿದ್ದರು, ಈಗ ತರಿಸಿಕೊಂಡಿದ್ದಾನೆ. ಡಾಕ್ಟರರಿಗೆ ಬೇಕಾದ ಸುದ್ದಿ ಅದು. ಅಮೆರಿಕದವರಿಗೆ ಗಾಟ್ ಎಂದರೆ ಕೈಯಲ್ಲಿ ಇರುವುದು, ಗಾಟನ್ ಎಂದರೆ ಕೈಗೆ ಬಂದದ್ದು. ಇಂಗ್ಲೆಂಡಿನವರು ಎರಡಕ್ಕೂ ಒಂದೇ ಪಾತ್ರೆ ಇಟ್ಟುಕೊಂಡು ಸಂದರ್ಭ ನೋಡಿ ಬಡಿಸುತ್ತಾರೆ.

ನಾನು ಅರ್ಥವಾಗದವಳಂತೆ ನಿಂತಿದ್ದೆ ಎಂದು ಕಾಣುತ್ತದೆ. ಅವರು ಇನ್ನೊಂದು ಉದಾಹರಣೆ ಕೊಟ್ಟರು. ಗಾಟ್ ಟು ಗೋ ಎಂದರೆ ಏನು? ಹೋಗಬೇಕು. “ನಮ್ಮಲ್ಲಿ ಹೇಗೆ ಹೇಳುವುದು? ಹೋಗಲಿಕ್ಕೆ ಉಂಟು.” ಗಾಟನ್ ಟು ಗೋ ಎಂದರೆ? “ಹೋಗಲಿಕ್ಕೆ ಸಿಕ್ಕಿದೆ.” ಅಲ್ಲಿಗೆ ಮುಗಿಯಿತು. ನನಗೆ ಧರ್ಮಸ್ಥಳಕ್ಕೆ ಹೋಗಲಿಕ್ಕೆ ಉಂಟು ಎಂದರೆ ಹರಕೆ ಬಾಕಿ ಇದೆ, ಹೋಗದೆ ಗತಿಯಿಲ್ಲ. ಹೋಗಲಿಕ್ಕೆ ಸಿಕ್ಕಿದೆ ಎಂದರೆ ಪುಣ್ಯ, ರಜೆ ಕೂಡಿ ಬಂತು. ಈ ಎರಡನ್ನು ನಮ್ಮ ಊರಿನ ಮೂರು ವರ್ಷದ ಮಗುವೂ ಬೆರೆಸುವುದಿಲ್ಲ. ಯಾವ ಬೋರ್ಡಿನ ಮೂರು ಕಂಬಗಳಲ್ಲೂ ಹಿಡಿಸದ ವ್ಯತ್ಯಾಸವನ್ನು ಆ ಅಕ್ಕ ಒಂದು ಬದಿಯ ಹೆಡ್‌ಫೋನ್ ಕಿವಿಗೆ ಒತ್ತಿಕೊಂಡೇ ಅರ್ಧ ನಿಮಿಷದಲ್ಲಿ ದಾಟಿಸಿದರು. ಅವರಿಗೆ ಮುಗಿಸಲು ಇನ್ನೂ ನಲವತ್ತು ಫೈಲ್ ಇದ್ದವು.

ಇಂಥದೇ ಇನ್ನೊಂದು ನಮ್ಮಲ್ಲಿದೆ. “ನೀನು ಯಾವಾಗ ಬಂದದ್ದು?” ಎಂದು ನಾವು ಕೇಳುತ್ತೇವೆ, “ಯಾವಾಗ ಬಂದಿದ್ದು?” ಎಂದು ಬೆಂಗಳೂರಿನವರು ಕೇಳುತ್ತಾರೆ. ‘ಬಂದುದು’ ಎಂಬ ಹಳೆಯ ರೂಪದಿಂದ ಇಳಿದದ್ದು ನಮ್ಮದು. ‘ಬಂದಿದ್ದುದು’ ಎಂಬುದರಿಂದ ಬಂದದ್ದು ಅವರದು. ಎರಡಕ್ಕೂ ಒಂದು ಕಾಲದಲ್ಲಿ ಬೇರೆ ಬೇರೆ ಕೆಲಸವಿತ್ತು. ನಾನು ಇದನ್ನು ಎಲ್ಲೋ ಬರೆದಾಗ ಕರಡು ತಿದ್ದುವವರು ಬಂದದ್ದು ಎಂಬುದನ್ನೆಲ್ಲ ಬಂದಿದ್ದು ಮಾಡಿ ಕಳುಹಿಸಿದ್ದರು. ನಾನು ಏನೂ ಹೇಳಲಿಲ್ಲ. ಐದು ಗಾಟನ್‌ಗಳ ಸಾಲ ನನ್ನ ಮೇಲೂ ಇತ್ತಲ್ಲ.

ಆದರೆ ಹಳೆಯದು ಎಂಬ ಒಂದೇ ಕಾರಣಕ್ಕೆ ಗೆದ್ದೆವು ಎಂದುಕೊಳ್ಳಲು ಹೋದರೆ ‘ಸ್ನಕ್’ ಎದುರಿಗೆ ಬಂದು ನಿಲ್ಲುತ್ತದೆ. ಸ್ನೀಕ್ ಎಂದರೆ ಸದ್ದಿಲ್ಲದೆ ನುಸುಳುವುದು. ಅದರ ಭೂತಕಾಲ ಸ್ನೀಕ್ಡ್, ಮೊದಲಿನಿಂದಲೂ ಅಷ್ಟೆ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಅಮೆರಿಕದಲ್ಲಿ ಯಾರೋ ಸ್ನಕ್ ಎಂದರು. ಅದಕ್ಕೆ ಬೈಬಲಿನ ಬೆಂಬಲವಿಲ್ಲ, ಷೇಕ್ಸ್‌ಪಿಯರನ ಪರಿಚಯವಿಲ್ಲ, ಹೇಳಿಕೊಳ್ಳುವ ಕುಲವೂ ಇಲ್ಲ. ಅಮೆರಿಕನ್ ಹೆರಿಟೇಜ್ ನಿಘಂಟಿನವರು 1988ರಲ್ಲಿ ತಮ್ಮ ಸಲಹಾ ಮಂಡಳಿಯ ಬರಹಗಾರರನ್ನು ಕೇಳಿದಾಗ ಶೇಕಡಾ 67 ಮಂದಿ ಬೇಡ ಎಂದರು. ಅಷ್ಟರಲ್ಲಿ ಅದು ಹೆಸರಿಗೆ ತಕ್ಕಂತೆ ಹಿಂಬಾಗಿಲಿನಿಂದ ಒಳಗೆ ಬಂದು ಕುಳಿತಾಗಿತ್ತು. ಈಗ ಅಲ್ಲಿನ ಪತ್ರಿಕೆಗಳಲ್ಲೂ ಸಲೀಸಾಗಿ ಓಡಾಡುತ್ತದೆ. ವಿಚಿತ್ರವೆಂದರೆ ಮಕ್ಕಳು ಮಾಡುವ ತಪ್ಪಿಗೆ ಇದು ತದ್ವಿರುದ್ಧ. ನನ್ನ ತಂಗಿಯ ಮಗ ಚಿಕ್ಕವನಿದ್ದಾಗ ‘ಇಟ್ಟೆ’ ಎನ್ನದೆ ‘ಇಡಿದೆ’ ಎನ್ನುತ್ತಿದ್ದ. ವಕ್ರವಾದದ್ದನ್ನು ನೇರ ಮಾಡುವುದು ಮಕ್ಕಳ ಬುದ್ಧಿ. ನೇರವಾಗಿದ್ದ ಸ್ನೀಕ್ಡ್ ಅನ್ನು ಬೆಳೆದ ಜನ ಬೇಕೆಂದೇ ವಕ್ರ ಮಾಡಿಕೊಂಡರು. ಯಾಕೆ? ಬಾಯಿಗೆ ಹಿತವಾಯಿತು ಎಂಬುದಕ್ಕಿಂತ ದೊಡ್ಡ ಕಾರಣ ನನಗಂತೂ ಹೊಳೆಯುವುದಿಲ್ಲ. ನನಗೆ ಅದು ಇವತ್ತಿಗೂ ಹಿತವಿಲ್ಲ, ಕಲ್ಲು ಸಿಕ್ಕಿದ ಅನ್ನದ ಹಾಗೆ. ಗಾಟನ್ ಪರವಾಗಿ ಇಷ್ಟು ವಾದಿಸುವ ನಾನು ಸ್ನಕ್ ಕಂಡರೆ ಈಗಲೂ ಅಪ್ಪನ ಮಗಳೇ.

ಟ್ರಾನ್ಸ್‌ಕ್ರಿಪ್ಷನ್ ಬಿಟ್ಟು ವರ್ಷಗಳಾದವು. ಯಂತ್ರಗಳು ಕೇಳಿಸಿಕೊಂಡು ಬರೆಯಲು ಕಲಿತ ಮೇಲೆ ಆ ಕೆಲಸ ನಮ್ಮ ಕೈಯಲ್ಲಿ ಕರಗುತ್ತ ಹೋಯಿತು. ಈಗ ಉಡುಪಿಯಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಬರುವವರಲ್ಲಿ ಹೆಚ್ಚಿನವರು ನರ್ಸಿಂಗ್ ಮುಗಿಸಿದ ಹುಡುಗಿಯರು, ಇಂಗ್ಲೆಂಡಿಗೋ ಐರ್ಲೆಂಡಿಗೋ ಹೋಗುವ ಪರೀಕ್ಷೆಯ ತಯಾರಿಯಲ್ಲಿರುವವರು. ಅವರ ಇಂಗ್ಲಿಷ್ ನನ್ನ ಹಾಗೆ ಬೋರ್ಡಿನಿಂದ ಬಂದದ್ದಲ್ಲ. ಮೊಬೈಲಿನ ಸೀರಿಯಲ್ಲುಗಳಿಂದ ಬಂದದ್ದು. ರೋಗಿಯ ನೋವು ಹೆಚ್ಚಾಗಿದೆ ಎಂದು ಬರೆಯಲು ಹೇಳಿದರೆ ಹತ್ತರಲ್ಲಿ ಆರು ಮಂದಿ ಯೋಚನೆಯೇ ಇಲ್ಲದೆ ಗಾಟನ್ ಎಂದು ಬರೆಯುತ್ತಾರೆ. ಅವರಿಗೆ ಅದರ ಹಿಂದೆ ಹವ್ವ ಇದ್ದಾಳೆ ಎಂದು ಗೊತ್ತಿಲ್ಲ, ಅಮೆರಿಕ ಇದೆ ಎಂದೂ ಗೊತ್ತಿಲ್ಲ. ಇಂಗ್ಲೆಂಡಿನ ಎಳೆಯರೂ ಈಗ ಹಾಗೆಯೇ ಮಾತಾಡುತ್ತಾರೆ. ಅಲ್ಲಿನ ಹಿರಿಯರು ಅಮೆರಿಕ ನಮ್ಮ ಮಕ್ಕಳನ್ನು ಕೆಡಿಸಿತು ಎಂದು ಗೊಣಗುತ್ತಾರೆ. ಸ್ವಂತ ಅಜ್ಜಿಯ ಒಡವೆ ಪಕ್ಕದ ಮನೆಯಿಂದ ವಾಪಸ್ಸು ಬಂದರೂ ಗುರುತು ಸಿಕ್ಕದ ಸಂಕಟ ಅದು.

ಹುಡುಗಿಯರ ಹಾಳೆಯಲ್ಲಿ ಗಾಟನ್ ಕಂಡಾಗ ನಾನು ಏನು ಮಾಡುತ್ತೇನೆ ಎಂದರೆ, ಪೆನ್ಸಿಲ್‌ನಿಂದ ಒಂದು ಸಣ್ಣ ಚುಕ್ಕಿ ಇಡುತ್ತೇನೆ. ತಪ್ಪಲ್ಲ. ಆದರೆ ನೀವು ಹೋಗುವ ಆಸ್ಪತ್ರೆಯಲ್ಲಿ ವಯಸ್ಸಾದ ಸಿಸ್ಟರ್ ಒಬ್ಬರು ಇದನ್ನು ನೋಡಿ ಹುಬ್ಬೇರಿಸಬಹುದು, ಅದಕ್ಕೆ ಸಿದ್ಧರಾಗಿರಿ ಎನ್ನುತ್ತೇನೆ. ಒಬ್ಬಳು ಕೇಳಿದಳು, ಹುಬ್ಬೇರಿಸಿದರೆ ಏನು ಹೇಳಬೇಕು ಮೇಡಂ? ಆದಿಕಾಂಡ ನಾಲ್ಕು, ಒಂದು ಎಂದು ಹೇಳು ಎಂದೆ. ಅವಳು ಅದನ್ನು ನೋಟ್ಸಿನಲ್ಲಿ ಬರೆದುಕೊಂಡಳು. ಅಯ್ಯೋ, ತಮಾಷೆಗೆ ಹೇಳಿದ್ದು ಎಂದು ಆಮೇಲೆ ಹೇಳಬೇಕಾಯಿತು.

ಹೋದ ತಿಂಗಳು ಊರಿಗೆ ಹೋಗಿದ್ದೆ. ಅಪ್ಪನಿಗೆ ಈಗ ಎಂಬತ್ತೆರಡು. ಕಣ್ಣಿನ ಪೊರೆ ತೆಗೆಸಿದ ಮೇಲೆ ಪತ್ರಿಕೆಯಲ್ಲಿ ಮುದ್ರಣದೋಷ ಹುಡುಕುವ ಕೆಲಸ ಮತ್ತೆ ಶುರುವಾಗಿದೆ. ಅಡಿಕೆ ಸುಲಿಯುವವರು ಬಂದಿದ್ದ ಮಧ್ಯಾಹ್ನ, ಜಗಲಿಯಲ್ಲಿ ಕುಳಿತು ನಾನು ಇದನ್ನೆಲ್ಲ ಹೇಳಿದೆ. ಬಲ್ಮಠದ ಆಂಟಿ, 1611, ಲೌತ್, ವಾಕರ್ ತರಿಸಿಕೊಂಡ ಮುದುಕ, ಎಲ್ಲ. ಎಂಟನೆಯ ತರಗತಿಯ ಪ್ರಶ್ನೆಯನ್ನೂ ನೆನಪಿಸಿದೆ.

ಅಪ್ಪ ಪೂರ್ತಿ ಕೇಳಿದರು. ಮಾಷ್ಟ್ರುಗಳು ಕೇಳುವ ರೀತಿಯಲ್ಲಿ, ಕಣ್ಣು ಮುಚ್ಚಿ, ಎಲ್ಲಿ ತಪ್ಪುತ್ತಾಳೆ ನೋಡೋಣ ಎಂಬಂತೆ.

“ಆ ಪ್ರಶ್ನೆ ಕೇಳಿದ್ದು ನೀನಾ?”

“ನಾನೇ.”

“ನನಗೆ ನೆನಪಿಲ್ಲ.” ಸ್ವಲ್ಪ ಹೊತ್ತು ಸುಮ್ಮನಿದ್ದರು. ಸುಲಿದ ಅಡಿಕೆ ಬುಟ್ಟಿಗೆ ಬೀಳುವ ಸದ್ದು ಅಂಗಳದಿಂದ ಬರುತ್ತಿತ್ತು. “ಬೈಬಲಿನಲ್ಲಿ ಇರಲಿ. ಅಮೆರಿಕದಲ್ಲಿಯೂ ಇರಲಿ. ಎಸ್‌ಎಸ್‌ಎಲ್‌ಸಿ ಪೇಪರಿನಲ್ಲಿ ನನ್ನ ಮಕ್ಕಳು ಬರೆದಿದ್ದರೆ ಮಂಗಳೂರಿನಲ್ಲಿ ಕುಳಿತು ತಿದ್ದುವವನು ಒಂದು ಮಾರ್ಕು ಕಡಿಯುತ್ತಿದ್ದ. ಆ ಒಂದು ಮಾರ್ಕಿಗೆ ಪಾಸಾಗದೆ ಮುಂಬಯಿಗೆ ಹೋಟೆಲಿಗೆ ಹೋದ ಹುಡುಗರು ನನಗೆ ಗೊತ್ತು. ನಿನ್ನ ಲೌತ್‌ಗೆ ಗೊತ್ತಾ?”

ನನ್ನಲ್ಲಿ ಉತ್ತರವಿರಲಿಲ್ಲ. ಚಹಾದ ಲೋಟ ಒಳಗಿಟ್ಟು ಬ್ಯಾಗ್ ಹೆಗಲಿಗೇರಿಸಿಕೊಂಡೆ. ಅವರು ಗೇಟಿನ ತನಕ ಬಂದರು. ಗಡಿಯಾರ ನೋಡಿಕೊಂಡು, ಮುಖ್ಯರಸ್ತೆಯ ಕಡೆಗೊಮ್ಮೆ ಇಣುಕಿ, ಇನ್ನು ಬಸ್ಸು ಉಂಟಾ ಎಂದು ತುಳುವಿನಲ್ಲಿ ಕೇಳಿದರು:

“ನನ ಬಸ್ಸ್ ಉಂಡಾ?”

ಐದೂವರೆಗೆ ಒಂದು ಉಂಟು ಎಂದೆ.